ಶಿಖರ ಕಾಣದ ವಿಮರ್ಶೆ

ಜಾವಗಲ್ ಎಂಬ ಹೆಸರನ್ನು ಕೇಳದ ಕನ್ನಡಿಗರು ಇಂದು ವಿರಳ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ಬಹು ಮಂದಿಗೆ ನೆನಪಾಗುವುದು ಚೆಂಡನ್ನು ಬಿರುಸಾಗಿ ಎಸೆಯುತ್ತಿದ್ದ ಕ್ರಿಕೆಟ್ ಆಟಗಾರ ಶ್ರೀನಾಥರೇ ಹೊರತು ಹಾಸನ ಜಿಲ್ಲೆಯ ಆ ಊರಲ್ಲ. ಊರಿನ ಹೆಸರು ಲೋಕಪ್ರಸಿದ್ಧವಾಗಿದ್ದೂ ಊರು ಮಾತ್ರ ಅಜ್ಞಾತವಾಗಿ ಉಳಿಯುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಹಳೇಬೀಡಿನಿಂದ ಬಸ್ಸು ಹತ್ತಿದರೆ ಬಹು ದೂರವೇನೂ ಇಲ್ಲದ ಈ ಊರಿನಲ್ಲಿ 1250ರ ಸುಮಾರಿನಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹಳೇಬೀಡಿಗೆ ಬಂದವರಲ್ಲಿ ಬಹುಪಾಲು ಜನ ಇಲ್ಲಿಗೆ ಬರುವುದಿಲ್ಲ. ಅವರನ್ನು ದೂರುವ ಅಧಿಕಾರ ನನಗಿಲ್ಲ. ನಾನೂ ಅನೇಕ ಸಲ ಬೇಲೂರು ನೋಡಿ, ಹಳೇಬೀಡು ನೋಡಿ, ಹೊತ್ತಾಯಿತೆಂದು ಹಿಂದಿರುಗಿದವನೇ.

ಒಂದು ಸಲ ಮಾತ್ರ ಆ ಕ್ರಮ ತಿರುಗುಮುರುಗಾಯಿತು. ಅರಸೀಕೆರೆಯ ಕಡೆಯಿಂದ ಬಂದುದರಿಂದ ಮೊದಲು ಜಾವಗಲ್ಲಿನ ದೇವಾಲಯವನ್ನು ನೋಡಿ, ಅದೇ ದಿನ ಮಧ್ಯಾಹ್ನ ಹಳೇಬೀಡಿನ ಹೊಯ್ಸಳೇಶ್ವರದ ಮುಂದೆ ನಿಂತೆ. ಹತ್ತಾರು ಸಲ ಕಂಡಿದ್ದ ಆ ಗುಡಿ ಅಂದು ನನಗೆ ಬೇರೆಯಾಗಿ ಕಂಡಿತು. ಅಲ್ಲಿ ಏನೋ ಕಡಮೆಯಾಗಿದೆ, ಯಾರೋ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿದ್ದಾರೆ ಎಂಬ ಭಾವನೆ ಬಂದಿತು. ಕಡಮೆಯಾಗಿದ್ದುದು ಶಿಖರ. ಹೊಯ್ಸಳೇಶ್ವರಕ್ಕೆ ಶಿಖರವಿಲ್ಲವೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಮಾರ್ಗದರ್ಶಕರು ಮೊದಲ ಐದು ನಿಮಿಷದಲ್ಲಿಯೇ ಹೇಳುವ ಮಾತು ಅದು. ಆದರೆ ತಿಳಿಯುವುದು ಬೇರೆ, ಕಾಣುವುದು ಬೇರೆ. ಇರುವುದನ್ನು ಒಂದು ಕಡೆ ಕಂಡ ಕಣ್ಣಿಗೆ ಮಾತ್ರ ಇನ್ನೊಂದು ಕಡೆ ಇಲ್ಲದಿರುವುದು ಕಾಣುತ್ತದೆ. ಹೊಯ್ಸಳ ಶಿಲ್ಪವನ್ನು ಕುರಿತು ಒಂದೂವರೆ ಶತಮಾನದಿಂದ ನಡೆದು ಬಂದಿರುವ ವಿಮರ್ಶೆಯ ಬಹುಭಾಗ ಶಿಖರವಿಲ್ಲದ ಗುಡಿಗಳ ಮುಂದೆ ನಿಂತು ಮಾಡಿದ ವಿಮರ್ಶೆ ಎಂಬುದೂ, ಅದರ ಹೊಗಳಿಕೆ ತೆಗಳಿಕೆಗಳೆರಡೂ ಅದೇ ಕಾರಣದಿಂದ ಅರೆಯಾಗಿವೆಯೆಂಬುದೂ ಈ ಲೇಖನದ ವಾದ.

*

ಮೊದಲು ಹೊಗಳಿಕೆಯನ್ನು ನೋಡೋಣ. ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು 1876ರಲ್ಲಿ ಪ್ರಕಟಿಸಿದ ಜೇಮ್ಸ್ ಫರ್ಗುಸನ್, ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿನ ಎದುರಿಗೆ ತಂದು ನಿಲ್ಲಿಸಿದನು. ಎರಡೂ ತಮ್ಮ ತಮ್ಮ ರೀತಿಯ ಪರಾಕಾಷ್ಠೆಗಳು. ಆದರೆ ಒಂದು ಇನ್ನೊಂದರ ಎದುರು ಧ್ರುವ. ಅಲ್ಲಿ ಬುದ್ಧಿಯ ಸಂಯಮ, ಇಲ್ಲಿ ಕಲ್ಪನೆಯ ಅಬಾಧಿತ ವೈವಿಧ್ಯ ಎಂಬುದು ಅವನ ಅಭಿಪ್ರಾಯದ ಸಾರ. ಈ ಮಾತು ನಮ್ಮವರಿಗೆ ಬಹು ಪ್ರಿಯವಾಯಿತು. ಆಮೇಲೆ ಬಂದ ನೂರಾರು ಲೇಖನಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಪ್ರತಿಧ್ವನಿಯನ್ನು ಕೇಳುತ್ತೇವೆ. ಕಲ್ಲಿನಲ್ಲಿ ಕಸೂತಿ, ಕಲ್ಲಿನಲ್ಲಿ ಕಾವ್ಯ ಎಂಬ ಸವೆದ ನಾಣ್ಯಗಳೆಲ್ಲ ಈ ಟಂಕಸಾಲೆಯವೇ.

ಇನ್ನು ತೆಗಳಿಕೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ನಮ್ಮ ಕಾಲೇಜುಗಳಲ್ಲೆಲ್ಲ ಓದುತ್ತಿದ್ದ ಪರ್ಸಿ ಬ್ರೌನನ ಗ್ರಂಥ ಇದೇ ಮಾತನ್ನು ಹಿಂದುಮುಂದಾಗಿಸಿತು. ಹೊಯ್ಸಳರ ಗುಡಿ ಕಟ್ಟಡ ಕಟ್ಟುವವನ ಕೆಲಸವಲ್ಲ. ದಂತ, ಗಂಧದ ಮರ, ಚಿನ್ನ ಇವುಗಳಲ್ಲಿ ಪಳಗಿದ ಕೈಗಳ ಕೆಲಸ. ಅಲ್ಲಿ ವಾಸ್ತು ಶಿಲ್ಪಕ್ಕೆ ಅಧೀನವಾಗಿದೆ ಎಂದು ಅವನ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹೊಯ್ಸಳರ ಶಿಲ್ಪಿಗಳು ಹಿಡಿದುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆ ಕಲ್ಲು ಸೂಜಿಯ ಮೊನೆಯಂಥ ಉಳಿಗೂ ಒಲಿಯುತ್ತದೆ. ಹೀಗೆ ಒಲಿಯುವ ವಸ್ತು ಕೈಗೆ ಸಿಕ್ಕಿದವನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮರೆಯುವುದು ಸಹಜ. ಕೊರಳ ಹಾರದ ಮಣಿಯ ನಡುವೆ ಬೆಳಕು ತೂರುವಂತೆ ಕೊರೆದವನು ಆ ಕೊರಳಿನ ಭಾವವನ್ನು ಮರೆತದ್ದೂ ಉಂಟು.

ಆದರೆ ಹೊಗಳಿದವನೂ ತೆಗಳಿದವನೂ ಒಂದೇ ಗೋಡೆಯನ್ನು ನೋಡುತ್ತಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. ಇಬ್ಬರ ಕಣ್ಣೂ ಕಣ್ಣಿನ ಎತ್ತರದಲ್ಲಿಯೇ ನಿಂತಿದೆ. ಅದು ಮೇಲಕ್ಕೆ ಏರದಿರಲು ಕಾರಣವೂ ಇದೆ: ಏರಿದರೆ ಅಲ್ಲೇನೂ ಇಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದುದು 1117ರಲ್ಲಿ. ಆ ಗುಡಿಯ ಮೇಲಿದ್ದ ಗೋಪುರವನ್ನು, ಅದರ ಭಾರದಿಂದ ಕೆಳಗಿನ ಗರ್ಭಗೃಹಕ್ಕೆ ಅಪಾಯ ತಟ್ಟದಿರಲೆಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಳಿಸಿಬಿಟ್ಟರು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ 1121ರ ಸುಮಾರಿಗೆ ಮೊದಲಾಯಿತು. ಅದರ ಎರಡು ಗರ್ಭಗೃಹಗಳ ಮೇಲೂ ಇಂದು ಶಿಖರವಿಲ್ಲ. ಹೀಗೆ ಹೊಯ್ಸಳ ಕಲೆಯ ಪ್ರತಿನಿಧಿಗಳೆಂದು ಲೋಕವೆಲ್ಲ ಒಪ್ಪಿಕೊಂಡ ಎರಡು ಗುಡಿಗಳೂ ತಲೆಯಿಲ್ಲದ ಮೂರ್ತಿಗಳು. ತಲೆಯಿಲ್ಲದ ಮೂರ್ತಿಯನ್ನು ನೋಡಿ, ಈ ಶಿಲ್ಪಿ ಕೈಕಾಲುಗಳನ್ನು ಬಹು ಚೆನ್ನಾಗಿ ಬಿಡಿಸುತ್ತಾನೆ, ಮುಖದ ವಿಷಯದಲ್ಲಿ ಅವನಿಗೆ ಆಸಕ್ತಿಯಿಲ್ಲವೆಂದು ತೀರ್ಪು ಕೊಟ್ಟರೆ ಹೇಗೋ, ಹೊಯ್ಸಳರು ಗೋಡೆಯ ಕುಸುರಿಯವರು, ಎತ್ತರದ ಕಲ್ಪನೆ ಅವರಿಗಿರಲಿಲ್ಲವೆಂದು ಹೇಳುವುದೂ ಹಾಗೆಯೇ.

ನ್ಯಾಯವಾಗಿ ಹೇಳಬೇಕಾದರೆ ಫರ್ಗುಸನ್ನನಿಗೆ ಈ ಕೊರತೆ ತಿಳಿದಿತ್ತು. ಅವನ ಗ್ರಂಥದಲ್ಲಿ ಹಳೇಬೀಡಿನ ಗುಡಿ ಪೂರ್ತಿಯಾಗಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ ಬರೆಯಿಸಿದ ಒಂದು ಚಿತ್ರವಿದೆ. ಅದರಲ್ಲಿ ಶಿಖರಗಳು ಎದ್ದು ನಿಂತಿವೆ. ಕಟ್ಟಡದ ವಿದ್ಯೆಯನ್ನು ಬಲ್ಲವನ ಕಣ್ಣು ಆ ಚಪ್ಪಟೆ ಮಾಡಿನ ಮೇಲೆ ಸುಮ್ಮನೆ ಕೂರಲಾರದೆ ಹೋಯಿತು. ಅವನ ಮಾತನ್ನು ಮತ್ತೆ ಮತ್ತೆ ಉದ್ಧರಿಸುವ ನಾವು ಅವನ ಚಿತ್ರವನ್ನು ಮರೆತೆವು.

*

ಶಿಖರಕ್ಕೆ ಇಷ್ಟು ಪ್ರಾಧಾನ್ಯವೇಕೆಂದು ಕೇಳಬಹುದು. ಗುಡಿಯ ಮೇಲಿನ ಅಲಂಕಾರವಷ್ಟೆ ಅದು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಆದರೆ ಮಾತುಗಳನ್ನೇ ಕೇಳಿ ನೋಡಿ. ಶಿಖರವೆಂದರೆ ಬೆಟ್ಟದ ತುದಿ. ಏಕಕೂಟ, ದ್ವಿಕೂಟ, ತ್ರಿಕೂಟ ಎಂದು ನಾವು ಗುಡಿಗಳನ್ನು ವಿಂಗಡಿಸುವಾಗ ಬಳಸುವ ಕೂಟವೆಂಬ ಮಾತಿಗೂ ಅದೇ ಅರ್ಥ. ತ್ರಿಕೂಟವೆಂಬುದು ಪುರಾಣದಲ್ಲಿ ಒಂದು ಪರ್ವತದ ಹೆಸರು. ಗಜೇಂದ್ರನ ಮಡು ಇದ್ದುದು ಅದರ ತಪ್ಪಲಲ್ಲಿ. ಹೊಯ್ಸಳರ ಗುಡಿಗಳು ನಿಂತಿರುವ ಎತ್ತರದ ಕಟ್ಟೆಗೆ ಜಗತಿಯೆಂದು ಹೆಸರು, ಜಗತಿಯೆಂದರೆ ಭೂಮಿ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇಪ್ಪತ್ತು ಬಗೆಯ ಪ್ರಾಸಾದಗಳನ್ನು ಹೇಳುವಾಗ ಮೊದಲ ಮೂರು ಹೆಸರುಗಳು ಮೇರು, ಮಂದರ, ಕೈಲಾಸ. ಆದುದರಿಂದ ಗುಡಿ ಎಂಬುದು ದೇವರಿರುವ ಮನೆ ಮಾತ್ರವಲ್ಲ. ಅದು ದೇವರಿರುವ ಬೆಟ್ಟ. ಬೆಟ್ಟದ ಹೊಟ್ಟೆಯಲ್ಲಿ ಕತ್ತಲೆಯ ಗುಹೆ, ಅದೇ ಗರ್ಭಗೃಹ, ಹೊರಗೆ ಬೆಟ್ಟದ ಮೈ, ಅದೇ ಗೋಡೆ, ಮೇಲೆ ತುದಿ.

ಈ ಕಲ್ಪನೆ ಒಂದು ಕಾಲದಲ್ಲಿ ಏಷ್ಯಾದ ಬಹುಭಾಗಕ್ಕೆ ಸಾಮಾನ್ಯವಾಗಿತ್ತು. ರಾಷ್ಟ್ರಕೂಟರು ಎಂಟನೆಯ ಶತಮಾನದಲ್ಲಿ ಎಲ್ಲೋರದ ಗುಡ್ಡವನ್ನೇ ಕಡಿದು ಗುಡಿಯನ್ನಾಗಿ ಮಾಡಿ ಅದನ್ನು ಕೈಲಾಸವಾಗಿಸಿದರು. ತಂಜಾವೂರಿನ ಬೃಹದೀಶ್ವರಕ್ಕೆ ದಕ್ಷಿಣಮೇರುವೆಂಬ ಹೆಸರಿತ್ತು. ಬೇಲೂರಿನಲ್ಲಿ ವಿಷ್ಣುವರ್ಧನನು ಗುಡಿ ಕಟ್ಟಿಸುತ್ತಿದ್ದ ಅದೇ ದಶಕಗಳಲ್ಲಿ ಕಡಲಾಚೆಯ ಕಾಂಬೋಜ ದೇಶದಲ್ಲಿ ಎರಡನೆಯ ಸೂರ್ಯವರ್ಮನು ಆಂಗ್‌ಕೋರ್ ವಾಟ್ ಕಟ್ಟಿಸುತ್ತಿದ್ದನು. ಅದರ ಐದು ಗೋಪುರಗಳು ಮೇರುವಿನ ಐದು ಶೃಂಗಗಳೆಂದು ವಿದ್ವಾಂಸರ ಮತ. ಒಬ್ಬ ಅರಸನು ಇನ್ನೊಬ್ಬನ ಹೆಸರನ್ನೂ ಕೇಳಿರಲಾರನು. ಆದರೂ ಬಯಲಿನ ನಡುವೆ ಬೆಟ್ಟವೊಂದನ್ನು ನಿಲ್ಲಿಸಬೇಕೆಂಬ ಆಸೆ ಇಬ್ಬರದೂ ಒಂದೇ.

ಬಯಲಿನ ನಡುವೆ ಎಂಬ ಮಾತು ಇಲ್ಲಿ ಮುಖ್ಯ. ಬೇಲೂರಿನಿಂದ ಪಡುವಕ್ಕೆ ಹೋದರೆ ನಿಜವಾದ ಮಲೆಗಳು. ಮೂಡಕ್ಕೆ, ಹಳೇಬೀಡು ದಾಟಿ ಜಾವಗಲ್, ಅರಸೀಕೆರೆಗಳ ಕಡೆಗೆ ಬಂದರೆ ತೆಂಗು, ರಾಗಿ, ಕೆರೆ, ಅಲ್ಲೊಂದು ಇಲ್ಲೊಂದು ಗುಡ್ಡ. ಹೊಯ್ಸಳರು ಮಲೆಯಿಂದ ಇಳಿದು ಬಂದ ಮನೆತನ. ಮಲಪರೊಳ್ ಗಂಡ ಎಂಬ ಬಿರುದನ್ನು, ಎಂದರೆ ಮಲೆಯವರಲ್ಲಿ ವೀರನೆಂಬ ಹೆಸರನ್ನು, ಸಾಮ್ರಾಜ್ಯ ಬೆಳೆದ ಮೇಲೂ ಅವರು ಬಿಡಲಿಲ್ಲ. ಬಯಲಿಗೆ ಬಂದ ಮಲೆಯವರು ತಮ್ಮ ಹಿಂದೆ ಬೆಟ್ಟವನ್ನೂ ತಂದರೆಂದು ಹೇಳಿದರೆ ಅದು ಚರಿತ್ರೆಯಾಗದಿರಬಹುದು; ಕಾವ್ಯವಂತೂ ಆದೀತು.

*

ಈಗ ಜಾವಗಲ್ಲಿನ ಗುಡಿಯ ಮುಂದೆ ಬರೋಣ. ಇದು ತ್ರಿಕೂಟ, ಒಳಗೆ ಮೂರು ಗರ್ಭಗೃಹಗಳಿವೆ. ಆದರೆ ಶಿಖರವಿರುವುದು ನಡುವಣ ಒಂದಕ್ಕೆ ಮಾತ್ರ. ಅಕ್ಕಪಕ್ಕದವು ಹೊರಗಿನಿಂದ ಗೋಡೆಯ ಮುಂದುವರಿಕೆಯಂತೆ ಕಾಣುತ್ತವೆ. ಮೂರು ತುದಿಗಳ ಬೆಟ್ಟ ಹೊರಗಿನ ಕಣ್ಣಿಗೆ ಒಂದೇ ತುದಿಯ ಬೆಟ್ಟವಾಗುತ್ತದೆ. ಸೋಮನಾಥಪುರದಲ್ಲಿ 1268ರ ಹೊತ್ತಿಗೆ ಮೂರು ಶಿಖರಗಳೂ ಒಂದೇ ಸಮನಾಗಿ ಎದ್ದು ನಿಂತು ನಮ್ಮ ಗಮನವನ್ನು ಹಂಚಿಕೊಳ್ಳುತ್ತವೆ. ಸೋಮನಾಥಪುರ ಹೆಚ್ಚು ಪೂರ್ಣವಾದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ತುದಿಯ ಕಡೆಗೆ ಇಡೀ ಕಟ್ಟಡವನ್ನು ಎಳೆದೊಯ್ಯುವ ಬಿಗಿ ಜಾವಗಲ್ಲಿನದು.

ಗೋಡೆಯ ಬುಡದಿಂದ ಓದಿಕೊಂಡು ಮೇಲಕ್ಕೆ ಹೋಗಬೇಕು. ಬುಡದಲ್ಲಿ ಸಮನಾದ ಆರು ಪಟ್ಟಿಕೆಗಳು. ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು. ಮೇಲೆ ಬಳ್ಳಿಯ ಸುರುಳಿ. ಆಮೇಲೆ ರಾಮಾಯಣ ಭಾರತಾದಿಗಳ ಕಥೆ. ಅದರ ಮೇಲೆ ಮಕರ. ಎಲ್ಲಕ್ಕೂ ಮೇಲೆ ಹಂಸ. ಈ ಕ್ರಮ ಜಾವಗಲ್ಲಿಗೆ ವಿಶೇಷವಾದುದೇನಲ್ಲ. ಆ ಕಾಲದ ಗುಡಿಗಳಲ್ಲೆಲ್ಲ ಹೆಚ್ಚು ಕಡಮೆ ಹೀಗೆಯೇ. ಮಾರ್ಗದರ್ಶಕರು ಆನೆಯೆಂದರೆ ಬಲ, ಕುದುರೆಯೆಂದರೆ ವೇಗ ಎಂದು ಒಂದೊಂದಕ್ಕೂ ಒಂದೊಂದು ಗುಣವನ್ನು ಅಂಟಿಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಅದಕ್ಕಿಂತ ಸರಳವಾದ ಅರ್ಥವೊಂದು ತೋರುತ್ತದೆ. ಕೆಳಗಿರುವುದು ನೆಲವನ್ನು ಬಿಟ್ಟು ಏಳಲಾರದ ಪ್ರಾಣಿ. ಮೇಲಿರುವುದು ನೆಲವನ್ನು ಬಿಟ್ಟು ಹಾರುವ ಪಕ್ಷಿ. ಇವೆರಡರ ನಡುವೆ ಓಟವಿದೆ, ಸಸ್ಯವಿದೆ, ಮನುಷ್ಯರ ಕಥೆಯಿದೆ, ನೀರಿನ ಪ್ರಾಣಿಯಿದೆ. ಬೆಟ್ಟವನ್ನು ಹತ್ತುವವನು ಬುಡದಿಂದ ತುದಿಗೆ ಹೋಗುವಾಗ ಕಾಣುವ ಲೋಕ ಇದಲ್ಲದೆ ಮತ್ತೇನು? ಅರ್ಧ ಆಳು ಎತ್ತರದೊಳಗೆ ಶಿಲ್ಪಿ ನಮ್ಮನ್ನು ಒಂದು ಸಲ ಹತ್ತಿಸಿಬಿಟ್ಟಿದ್ದಾನೆ.

ಅದರ ಮೇಲೆ ದೇವತಾಮೂರ್ತಿಗಳು, ಅವುಗಳ ನೆತ್ತಿಯ ಮೇಲೊಂದು ಚಾಚಿದ ಅಂಚು. ಇನ್ನೂ ಮೇಲೆ, ಮಾಡಿನ ಕೆಳಗೆ, ಎರಡನೆಯ ಅಂಚು. ಈ ಎರಡು ಅಂಚುಗಳ ನಡುವೆ ಗೋಡೆಯುದ್ದಕ್ಕೂ ಗೇಣುದ್ದದ ಪುಟ್ಟ ಪುಟ್ಟ ಶಿಖರಗಳನ್ನು ಕಡೆದಿದ್ದಾರೆ. ಅವುಗಳನ್ನು ಯಾರೂ ನೋಡುವುದಿಲ್ಲ. ಕೆಳಗಿನ ವಿಷ್ಣುವಿನ ಮೇಲೆ ಕಣ್ಣಿಟ್ಟವರು ಅವುಗಳನ್ನು ಅಂಚಿನ ಜರತಾರಿಯೆಂದು ಭಾವಿಸಿ ಬಿಡುತ್ತಾರೆ. ಆದರೆ ಅಲ್ಲಿಂದ ತಲೆಯೆತ್ತಿ ದೊಡ್ಡ ಶಿಖರವನ್ನು ನೋಡಿ. ಅದೇ ಪುಟ್ಟ ಶಿಖರಗಳು ಅಲ್ಲಿ ಒಂದರ ಮೇಲೊಂದು ಅಂತಸ್ತಾಗಿ, ಒಂದಕ್ಕೊಂದು ಭುಜ ಕೊಟ್ಟು, ಏರುತ್ತ ಕಿರಿದಾಗುತ್ತ, ಕೊನೆಗೆ ಒಂದು ಕಲಶದ ಕೆಳಗೆ ಕೂಡಿಕೊಳ್ಳುತ್ತವೆ. ದೊಡ್ಡದು ಚಿಕ್ಕವುಗಳಿಂದಲೇ ಆದುದು. ಕರ್ಣಾಟ ದ್ರಾವಿಡ ಗುಡಿಗಳನ್ನು ಕುರಿತು 1995ರಲ್ಲಿ ಗ್ರಂಥ ಬರೆದ ಆಡಮ್ ಹಾರ್ಡಿಯವರು ಈ ತತ್ತ್ವವನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ: ಗುಡಿಯ ಮೈಯೆಲ್ಲ ಗುಡಿಗಳೇ; ಒಂದು ಗುಡಿಯೊಳಗಿಂದ ಮತ್ತೊಂದು ಹೊಮ್ಮಿ ಬರುವಂತೆ ಅದರ ರಚನೆ. ಗೋಡೆಯ ಮೇಲಿನ ಕೋನಗಳೂ ಶಿಖರದ ಕೋನಗಳೂ ಒಂದೇ ರೇಖೆಯಲ್ಲಿರುವುದಕ್ಕೆ ಕಾರಣ ಇದು. ಗೋಡೆ ಎಂಬುದು ಶಿಖರಕ್ಕೆ ಹಾಡಿದ ಪಲ್ಲವಿ.

ಇಷ್ಟನ್ನು ಕಂಡು ಹಳೇಬೀಡಿಗೆ ಬಂದಾಗ ಅಲ್ಲಿನ ಗೋಡೆಯ ಕೋನಗಳು ಮೇಲಕ್ಕೆ ಏರಿ ಏರಿ ಮಾಡಿನ ಅಂಚಿನಲ್ಲಿ ಒಮ್ಮೆಲೇ ಕಡಿದುಹೋಗುವುದು ಏಕೆ ಅಷ್ಟು ನೋವನ್ನುಂಟುಮಾಡುತ್ತದೆಂಬುದು ತಿಳಿಯುತ್ತದೆ. ಪಲ್ಲವಿ ಹಾಡಿದ ಮೇಲೆ ಗಾಯಕನ ದನಿ ನಿಂತಿದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದೊಂದು ಮೂರ್ತಿಯನ್ನು ಬಿಡಿಯಾಗಿ ತೆಗೆದುಕೊಂಡರೆ ಜಾವಗಲ್ಲು ಹಳೇಬೀಡಿಗೆ ಸಾಟಿಯಾಗದು. ಅರವತ್ತು ವರ್ಷಗಳಷ್ಟು ಕಾಲ ಹೊಯ್ಸಳ ನಾಡಿನ ಗುಡಿಯಿಂದ ಗುಡಿಗೆ ಉಳಿ ಹಿಡಿದು ನಡೆದನೆನ್ನಲಾದ ಮಲ್ಲಿತಮ್ಮನ ಕೈ ಇಲ್ಲಿಯೂ ಕೆಲಸ ಮಾಡಿದೆ. ಆದರೆ ಇಲ್ಲಿನ ದೇವತೆಗಳು ಕೊಂಚ ಕುಳ್ಳು, ಕೊಂಚ ದಪ್ಪ. ನೆತ್ತಿಯ ಮೇಲಿನ ಬಳ್ಳಿಯ ಚಪ್ಪರ ಕೆಲವೆಡೆ ಮೂರ್ತಿಯನ್ನೇ ಒತ್ತುತ್ತದೆ. ಒಂದೇ ನಿಲುವು ಮತ್ತೆ ಮತ್ತೆ ಬರುತ್ತದೆ. ನೂರೈವತ್ತು ವರ್ಷ ನಡೆದ ಸಂಪ್ರದಾಯದ ಆಯಾಸ ಅಲ್ಲಿ ಕಾಣುತ್ತದೆ. ಹಳೇಬೀಡಿನ ಗೋಡೆಯ ಮೇಲಿನ ಗಜಾಸುರಸಂಹಾರದ ಆವೇಶ ಜಾವಗಲ್ಲಿನ ಯಾವ ಮೂರ್ತಿಯಲ್ಲಿಯೂ ಇಲ್ಲ. ಆದರೂ ಒಂದು ಕಟ್ಟಡವಾಗಿ, ಒಂದು ಕೃತಿಯಾಗಿ, ಜಾವಗಲ್ಲಿನ ಗುಡಿ ಹೇಳಬೇಕಾದುದನ್ನು ಕೊನೆಯವರೆಗೆ ಹೇಳುತ್ತದೆ. ಮಹಾಕವಿಯ ಅಪೂರ್ಣ ಕಾವ್ಯವೊಂದು, ಸಾಮಾನ್ಯ ಕವಿಯ ಪೂರ್ಣ ಕಾವ್ಯವೊಂದು ಮುಂದಿದ್ದರೆ, ಮೊದಲನೆಯದನ್ನು ಹೆಚ್ಚು ಪ್ರೀತಿಸೋಣ. ಆದರೆ ಕಾವ್ಯವೆಂದರೇನು ಎಂಬ ಲಕ್ಷಣವನ್ನು ಮೊದಲನೆಯದೊಂದರಿಂದಲೇ ಕಟ್ಟಿಕೊಂಡರೆ ತಪ್ಪಾಗುತ್ತದೆ.

*

ಬೆಟ್ಟದ ಕಲ್ಪನೆ ಆ ಶಿಲ್ಪಿಗಳ ಮನಸ್ಸಿನಲ್ಲಿತ್ತೇ, ಅಥವಾ ನಾವು ಇಂದು ಹಚ್ಚಿಕೊಂಡದ್ದೇ ಎಂಬ ಸಂಶಯಕ್ಕೆ ಹಳೇಬೀಡಿನ ಗೋಡೆಯೇ ಉತ್ತರ ಕೊಡುತ್ತದೆ. ಅಲ್ಲಿ ಎರಡು ಬೆಟ್ಟಗಳಿವೆ. ಒಂದು ರಾವಣನು ಎತ್ತುತ್ತಿರುವ ಕೈಲಾಸ. ಇನ್ನೊಂದು ಕೃಷ್ಣನು ಹಿಡಿದ ಗೋವರ್ಧನ. ಇವುಗಳನ್ನು ನೋಡುವವರು ರಾವಣನ ತೋಳುಗಳನ್ನೂ ಕೃಷ್ಣನ ನಿಲುವನ್ನೂ ನೋಡಿ ಸಂತೋಷಪಡುತ್ತಾರೆ. ಬೆಟ್ಟವನ್ನು ಶಿಲ್ಪಿ ಹೇಗೆ ಬಿಡಿಸಿದ್ದಾನೆಂಬುದನ್ನೂ ನೋಡಬೇಕು. ಕೈಲಾಸ ಅಲ್ಲಿ ಬಂಡೆಯ ರಾಶಿಯಾಗಿಲ್ಲ. ಅಂತಸ್ತು ಅಂತಸ್ತಾಗಿ ಜೀವಿಗಳು. ಎಲ್ಲಕ್ಕೂ ಮೇಲೆ ಶಿವಪಾರ್ವತಿಯರು. ಗೋವರ್ಧನದಲ್ಲಿಯೂ ಮರ, ಮೃಗಗಳು ತುಂಬಿವೆ. ಬೆಟ್ಟವೆಂದರೆ ಜೀವಗಳ ಮಹಡಿ ಎಂಬುದೇ ಅವನ ತಿಳಿವಳಿಕೆ. ಆ ಚೌಕಟ್ಟಿನೊಳಗಿನ ಬೆಟ್ಟವನ್ನೂ ಜಾವಗಲ್ಲಿನ ಇಡೀ ಗುಡಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡರ ವ್ಯಾಕರಣ ಒಂದೇ.

ಇನ್ನು ನಿಜವಾದ ಬೆಟ್ಟದ ಮಾತು. ಹಳೇಬೀಡಿಗೆ ಸಮೀಪದಲ್ಲಿ ಪುಷ್ಪಗಿರಿಯಿದೆ. ಬೆಟ್ಟವೆಂದು ಕರೆದರೆ ಮಲೆನಾಡಿನವರು ನಕ್ಕಾರು. ಆದರೆ ಬಯಲಿನ ಕಣ್ಣಿಗೆ ಅದು ಬೆಟ್ಟವೇ. ಮೇಲೆ ಹೊಯ್ಸಳರ ಕಾಲದ ಮಲ್ಲಿಕಾರ್ಜುನನ ಗುಡಿ, ಕಡೆದ ಕಂಬಗಳು, ಕಾಲದ ಏಟು ತಿಂದ ಕಲ್ಲುಗಳು. ವೀರಶೈವ ಮಠವೊಂದಕ್ಕೆ ಈ ಬೆಟ್ಟದ್ದೇ ಹೆಸರು. ಹೊಯ್ಸಳೇಶ್ವರದ ಹೊರಗೆ ಬಸ್ಸುಗಳ ಸಾಲು ನಿಂತಿರುವ ದಿನಗಳಲ್ಲಿಯೂ ಪುಷ್ಪಗಿರಿಗೆ ಹೋಗುವವರು ಬಹುಮಟ್ಟಿಗೆ ಸುತ್ತಿನ ಊರುಗಳ ಭಕ್ತರೇ. ಅವರು ಶಿಲ್ಪವನ್ನು ನೋಡಲು ಹೋಗುವುದಿಲ್ಲ, ಬೆಟ್ಟವನ್ನು ಹತ್ತಲು ಹೋಗುತ್ತಾರೆ. ಮಲ್ಲಿಕಾರ್ಜುನನೆಂಬ ಹೆಸರು ಶ್ರೀಶೈಲದ ದೇವರದು. ಅಕ್ಕಮಹಾದೇವಿ ಹುಡುಕಿಕೊಂಡು ಹೋದ ಆ ದೂರದ ಬೆಟ್ಟ, ಹೋಗಲಾರದವರಿಗಾಗಿ, ಒಂದು ಹೆಸರಾಗಿ ಇಲ್ಲಿಗೆ ಬಂದು ಕುಳಿತಿದೆ. ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯೂ ಹೀಗೆಯೇ. ಏಳು ಬೆಟ್ಟದ ಒಡೆಯನು ಅಲ್ಲಿಯ ಒಂದು ಬೆಟ್ಟಕ್ಕೆ ಬಂದು ನೆಲೆಸಿದ್ದಾನೆ.

ಬೆಟ್ಟ ಅಚಲವೆಂಬುದು ಕವಿಸಮಯ. ಆದರೆ ನಮ್ಮ ಜನರ ಭಾವನೆಯಲ್ಲಿ ಬೆಟ್ಟದಷ್ಟು ಸಂಚಾರಿಯಾದುದು ಮತ್ತೊಂದಿಲ್ಲ. ಹೆಸರಾಗಿ ಸಂಚರಿಸಿ ಬೇರೆ ಬೆಟ್ಟವನ್ನು ಏರುತ್ತದೆ. ಬೆಟ್ಟವಿಲ್ಲದ ಊರಿನಲ್ಲಿ ಕಲ್ಲಿನ ಶಿಖರವಾಗಿ ಎದ್ದು ನಿಲ್ಲುತ್ತದೆ. ಶ್ರೀಶೈಲ ಪುಷ್ಪಗಿರಿಗೆ ಬಂದುದೂ, ಕೈಲಾಸ ಹಳೇಬೀಡಿಗೆ ಬಂದುದೂ, ತ್ರಿಕೂಟ ಜಾವಗಲ್ಲಿಗೆ ಬಂದುದೂ ಒಂದೇ ವ್ಯಾಪಾರದ ಮೂರು ರೂಪಗಳು. ಪುಷ್ಪಗಿರಿಯಲ್ಲಿ ಶಿಖರದ ಕೆಲಸವನ್ನು ಗುಡ್ಡವೇ ಮಾಡುತ್ತದೆ; ಗುಡಿಯ ಕಲ್ಲು ಬಿದ್ದರೂ ಏರುವಿಕೆ ಉಳಿಯುತ್ತದೆ. ಬಯಲಿನ ಗುಡಿಗೆ ಆ ಭಾಗ್ಯವಿಲ್ಲ. ಅಲ್ಲಿ ಶಿಖರ ಹೋದರೆ ಬೆಟ್ಟವೇ ಹೋಯಿತು. ಹಳೇಬೀಡಿನಲ್ಲಿ ನಗರೇಶ್ವರದ ಗುಡಿಗಳಿದ್ದ ಎಡೆ ಮಣ್ಣಿನ ದಿಬ್ಬವಾಗಿ ಹೋಗಿದ್ದು, ಅಗೆದ ಮೇಲೆ ಅವುಗಳ ತಳಪಾಯ ಹೊರಬಿದ್ದುದು ನಮ್ಮ ಕಾಲದ ಸಂಗತಿ. ಬೆಟ್ಟವಾಗಬೇಕೆಂದು ಎದ್ದುದು ದಿಬ್ಬವಾಗಿ ಮುಗಿದಿತ್ತು.

*

ಒಂದು ಆಕ್ಷೇಪವನ್ನು ಎದುರಿಸಬೇಕು. ಹೊಯ್ಸಳೇಶ್ವರದ ಶಿಖರ ಬಿದ್ದುಹೋಯಿತೇ, ಕಟ್ಟಿಯೇ ಇರಲಿಲ್ಲವೇ ಎಂಬುದರಲ್ಲಿ ವಿದ್ವಾಂಸರು ಏಕಾಭಿಪ್ರಾಯದವರಲ್ಲ. ಕೆಲಸ ಮುಗಿಯಲೇ ಇಲ್ಲವೆಂಬವರುಂಟು. ಕಟ್ಟಿಯೇ ಇರದಿದ್ದರೆ, ಇಲ್ಲದುದಕ್ಕಾಗಿ ಈ ಶೋಕವೇಕೆಂದು ಕೇಳಬಹುದು. ನನ್ನ ಉತ್ತರವಿಷ್ಟೆ: ಕಟ್ಟದಿದ್ದರೂ ಅದು ಉದ್ದೇಶದಲ್ಲಿತ್ತು ಎಂಬುದನ್ನು ಗೋಡೆಯ ಒಂದೊಂದು ಕೋನವೂ ಹೇಳುತ್ತದೆ, ದೊಡ್ಡಗದ್ದವಳ್ಳಿಯಿಂದ ಹಿಡಿದು ಅರಸೀಕೆರೆ, ಹಾರನಹಳ್ಳಿ, ನುಗ್ಗೇಹಳ್ಳಿ, ಜಾವಗಲ್ಲುಗಳವರೆಗೆ ಅದೇ ಜನ ಕಟ್ಟಿದ ಗುಡಿಗಳು ಹೇಳುತ್ತವೆ. ಕೃತಿಯ ಉದ್ದೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆ ಅದರ ಸಿದ್ಧಿಯನ್ನೂ ಅಳೆಯಲಾರದು.

ಇದರ ಮೂಲದಲ್ಲಿರುವುದು ನಮ್ಮ ಒಂದು ಹಳೆಯ ಅಭ್ಯಾಸವೆಂದು ತೋರುತ್ತದೆ. ಜಾವಗಲ್ಲಿನ ಗುಡಿಯೆದ್ದ ಕಾಲದಲ್ಲಿಯೇ, 1245ರ ಸುಮಾರಿಗೆ, ಹೊಯ್ಸಳ ಸೋಮೇಶ್ವರನ ವಿನೋದಕ್ಕಾಗಿ ಮಲ್ಲಿಕಾರ್ಜುನನೆಂಬ ವಿದ್ವಾಂಸನು ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಇವನು ಶಬ್ದಮಣಿದರ್ಪಣದ ಕೇಶಿರಾಜನ ತಂದೆ. ಹಿಂದಿನ ಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಆರಿಸಿ, ಸಮುದ್ರ, ಪರ್ವತ, ಪುರ, ಋತು ಮೊದಲಾದ ಅಷ್ಟಾದಶ ವರ್ಣನೆಗಳ ತಲೆಬರಹದ ಕೆಳಗೆ ಜೋಡಿಸಿದ ಗ್ರಂಥವದು. ಅದರಿಂದಾದ ಉಪಕಾರ ದೊಡ್ಡದು. ಆದರೆ ಕಥೆಯಲ್ಲಿ ತನ್ನ ಸ್ಥಾನದಲ್ಲಿದ್ದಾಗ ಪರ್ವತವಾಗಿದ್ದುದು ಸಂಕಲನಕ್ಕೆ ಬಂದಾಗ ಪರ್ವತವರ್ಣನೆಯಾಯಿತು. ಪದ್ಯ ಉಳಿಯಿತು, ಏರಿಕೆ ಹೋಯಿತು. ನಾವು ಗುಡಿಗಳನ್ನು ನೋಡುವುದೂ ಹೀಗೆಯೇ ಆಗಿದೆ: ಬೇಲೂರೆಂದರೆ ಶಿಲಾಬಾಲಿಕೆ, ಹಳೇಬೀಡೆಂದರೆ ಪಟ್ಟಿಕೆಯ ಆನೆ. ಡಿ. ವಿ. ಗುಂಡಪ್ಪನವರ ‘ಅಂತಃಪುರಗೀತೆ’ ಬೇಲೂರಿನ ಬಾಲಿಕೆಯರಿಗೆ ದನಿ ಕೊಟ್ಟ ಸುಂದರ ಕೃತಿ. ಅದರಲ್ಲಿ ಆ ಹೆಂಗಳೆಯರೆಲ್ಲ ಚೆನ್ನಕೇಶವನ ಕಡೆಗೆ ಮುಖ ಮಾಡಿದವರು. ಆದರೆ ಅವರ ಭಾವಚಿತ್ರ ತೆಗೆದುಕೊಂಡು ಹೋಗುವ ನಮಗೆ ಕೇಶವನೂ ಬೇಡ, ಅವನ ಮನೆಯೂ ಬೇಡ. ಸೂಕ್ತಿಯನ್ನು ಆರಿಸುವ ರಸಿಕತೆಗೆ ಕಾವ್ಯವನ್ನು ಓದುವ ತಾಳ್ಮೆ ಜೊತೆಯಾಗಬೇಕು.

ಇದು ಬರಿಯ ರುಚಿಯ ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಏನನ್ನು ನೋಡುತ್ತೇವೋ ಅದನ್ನು ಉಳಿಸುತ್ತೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇದಕ್ಕಾಗಿ ಕನ್ನಡಿಗರೆಲ್ಲ ಹೆಮ್ಮೆಪಟ್ಟುದು ಯುಕ್ತವೇ. ಆದರೆ ಪಟ್ಟಿಯೂ ಒಂದು ಬಗೆಯ ಸೂಕ್ತಿಸಂಗ್ರಹ. ಆರಿಸಿದ ಪದ್ಯಕ್ಕೆ ಬೆಳಕು ಬಿ���್ದಂತೆ ಬಿಟ್ಟ ಕಾವ್ಯಕ್ಕೆ ಕತ್ತಲೆ ಹೆಚ್ಚುತ್ತದೆ. ಊರೊಳಗಿನ ಚಿಕ್ಕ ಗುಡಿಗೆ ಒದಗುವ ಕೇಡು ದಂಡೆತ್ತಿ ಬರುವುದಿಲ್ಲ. ಪಕ್ಕದಲ್ಲಿ ಒಂದು ಮಹಡಿ ಏಳುತ್ತದೆ, ಅದರ ಮೇಲೆ ನೀರಿನ ತೊಟ್ಟಿ ಕೂರುತ್ತದೆ, ತಂತಿಗಳು ಹಾಯುತ್ತವೆ. ಗೋಡೆಯ ಮೂರ್ತಿಗಳಿಗೆ ಯಾರೂ ಕೈಹಚ್ಚಿರುವುದಿಲ್ಲ. ಆದರೆ ದಾರಿಯ ತಿರುವಿನಲ್ಲಿ ಕಾಣುತ್ತಿದ್ದ ಶಿಖರ ಒಂದು ದಿನ ಕಾಣದಾಗುತ್ತದೆ. ಮೂರ್ತಿಯನ್ನಷ್ಟೇ ಕಲೆಯೆಂದು ತಿಳಿದ ಕಣ್ಣಿಗೆ ಇದರಲ್ಲಿ ನಷ್ಟವೇನೂ ತೋರದು. ಬೆಟ್ಟವನ್ನು ಮರೆಮಾಡಿದ್ದೇವೆಂಬ ಅರಿವು ಬರಬೇಕಾದರೆ ಅದು ಬೆಟ್ಟವೆಂದು ಮೊದಲು ತಿಳಿದಿರಬೇಕು.

ಮುಂದಿನ ಸಲ ಹಳೇಬೀಡಿಗೆ ಹೊರಡುವ ವಾಚಕರಲ್ಲಿ ನನ್ನದೊಂದು ಸಣ್ಣ ವಿನಂತಿ. ಮೊದಲು ಜಾವಗಲ್ಲಿಗೆ ಹೋಗಿ. ಮೂರ್ತಿಗಳನ್ನು ಆಮೇಲೆ ನೋಡಿದರಾಯಿತು. ಸ್ವಲ್ಪ ಹಿಂದೆ ಸರಿದು ನಿಂತು, ಆನೆಯಿಂದ ಹಂಸಕ್ಕೆ, ಹಂಸದಿಂದ ದೇವತೆಗೆ, ದೇವತೆಯಿಂದ ಗೇಣುದ್ದದ ಶಿಖರಕ್ಕೆ, ಅಲ್ಲಿಂದ ಕಲಶಕ್ಕೆ ಕಣ್ಣನ್ನು ಒಂದು ಸಲ ಹತ್ತಿಸಿ. ಆಮೇಲೆ ಹಳೇಬೀಡಿಗೆ ಬನ್ನಿ. ಸಂಜೆಯ ಬಿಸಿಲು ಆ ಚಪ್ಪಟೆ ಮಾಡಿನ ಮೇಲೆ ಬಿದ್ದಿರುವಾಗ ಅಲ್ಲಿ ಇಲ್ಲದ ಎರಡು ಶಿಖರಗಳು ನಿಮಗೆ ಕಾಣದಿದ್ದರೆ ನನ್ನ ಮಾತು ಸುಳ್ಳು.